ಐದು ಹತ್ತರ ಹಸಿರು ಗೆರೆ

ಕೂತ ಕೊಂಬೆಯನ್ನೇ ಕಡಿದುಕೊಂಡವನ ಕಥೆ ಎಲ್ಲರಿಗೂ ಗೊತ್ತು. ತಾನು ದಿನಾ ಹತ್ತುವ ಬಸ್ಸನ್ನು ತಾನೇ ರಬ್ಬರಿನಿಂದ ಅಳಿಸಿ ಹಾಕಿದವಳ ಕಥೆ ಒಂದೇ ಒಂದು ಬಸ್ ಡಿಪೋದವರಿಗೆ ಗೊತ್ತು. ಅವರೂ ಅದನ್ನು ಹೇಳಹೊರಟರೆ ನಗು ತಡೆಯಲಾಗದೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಹೋದ ತಿಂಗಳಿನಿಂದ ಆ ನಗುವೂ ಸರಿಯಾಗಿ ಬರುತ್ತಿಲ್ಲ. ಆದ್ದರಿಂದ ಪೂರ್ತಿಯಾಗಿ ಬರೆದಿಡುವುದೇ ಮೇಲು.

ಅವಳನ್ನು ಡಿಪೋದಲ್ಲಿ ಎಲ್ಲರೂ ಟೈಮಕ್ಕ ಎನ್ನುತ್ತಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಬೇಕು ಎಂದು ಬರೆಯುವ ಕೆಲಸ ಅವಳದು. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿರುವಾಗ ತೀರಿಕೊಂಡಳು. ಸೈಕಲ್ಲಿನಿಂದ ಬಿದ್ದಲ್ಲ, ಒಳಗಿನ ಕಾಯಿಲೆ, ಹಾಸಿಗೆ ಹಿಡಿದದ್ದು ಹತ್ತೇ ದಿನ. ಎಂಬತ್ನಾಲ್ಕು ವರ್ಷದ ಅವಳ ಅತ್ತೆ, ಮಾತಾಡಿಸಲು ಬಂದವರಿಗೆಲ್ಲ ಮೊದಲು ಅದನ್ನೇ ಹೇಳುತ್ತಾರೆ: "ಸೈಕಲ್ ಮೇಲೆ ತಪ್ಪು ಹೊರಿಸಬೇಡಿ. ಸೈಕಲ್ ನನ್ನದು."

ಆ ಸೈಕಲ್ಲು ಮನೆಯ ಗೋಡೆಯಿಂದ ಕೆಳಗಿಳಿದದ್ದು ಎಂಟು ವರ್ಷದ ಹಿಂದೆ. ಆಗ ಟೈಮಕ್ಕನಿಗೆ ಐವತ್ತೊಂದು.

ಡಿಪೋದ ಮಹಡಿಯಲ್ಲಿ ಒಂದು ಉದ್ದ ಕೋಣೆ. ಕಿಟಕಿಯ ಪಕ್ಕದಲ್ಲಿ ಮಂಚದಷ್ಟು ದೊಡ್ಡ ಮೇಜು, ಮೇಜಿನ ತುಂಬ ಚೌಕುಳಿ ಹಾಳೆ. ಹಾಳೆಯ ಅಡ್ಡಕ್ಕೆ ಬೆಳಗಿನ ನಾಲ್ಕರಿಂದ ಮಧ್ಯರಾತ್ರಿಯವರೆಗಿನ ಹೊತ್ತು, ಉದ್ದಕ್ಕೆ ಒಂದರ ಮೇಲೊಂದು ಸ್ಟಾಪುಗಳ ಹೆಸರು. ಒಂದೊಂದು ಬಸ್ಸೂ ಅದರಲ್ಲಿ ಒಂದೊಂದು ಓರೆ ಗೆರೆ. ಗೆರೆ ಕಡಿದಾಗಿ ಏರಿದರೆ ಬಸ್ಸು ಓಡುತ್ತಿದೆ ಎಂದರ್ಥ, ಮಲಗಿದಂತಿದ್ದರೆ ಟ್ರಾಫಿಕ್ಕಿನಲ್ಲಿ ತೆವಳುತ್ತಿದೆ ಎಂದರ್ಥ. ದಿನದ ಬಸ್ಸುಗಳಿಗೆ ನೀಲಿ ಪೆನ್ಸಿಲು, ಜನ ನುಗ್ಗುವ ಹೊತ್ತಿನವಕ್ಕೆ ಕೆಂಪು, ಅಪರೂಪಕ್ಕೆ ಬಿಡುವ ವಿಶೇಷ ಬಸ್ಸುಗಳಿಗೆ ಹಸಿರು. ಹೊಸಬರು ನೋಡಿದರೆ ಯಾರೋ ಕೂದಲು ಬಾಚಿ ಇಟ್ಟಂತೆ ಕಾಣುತ್ತಿತ್ತು. ಟೈಮಕ್ಕನಿಗೆ ಅದರಲ್ಲಿ ಬಸ್ಸುಗಳ ಹಾರನ್ ಕೇಳಿಸುತ್ತಿತ್ತು.

ಮೂರು ತಿಂಗಳಿಗೊಮ್ಮೆ ಹೊಸ ಹಾಳೆ. ವಾರಕ್ಕೊಮ್ಮೆ ಎದುರು ಮೇಜಿನವಳು ಹಾಳೆಯನ್ನು ನೋಡಿ ಡ್ಯೂಟಿ ಪಟ್ಟಿ ಟೈಪು ಮಾಡುತ್ತಿದ್ದಳು. ಎದುರು ಮೇಜಿನವಳೆಂದರೆ ಇದನ್ನು ಬರೆಯುತ್ತಿರುವವಳೇ. ಪಟ್ಟಿ ಕೆಳಗಿನ ಬೋರ್ಡಿಗೆ ಹೋಗುತ್ತಿತ್ತು. ಬೋರ್ಡಿಗೆ ಬಂದಮೇಲೆ ಮುಗಿಯಿತು. ಯಾಕೆ, ಏನು ಎಂದು ಡ್ರೈವರುಗಳು ಕೇಳುವುದಿಲ್ಲ, ಬಸ್ಸು ಹೊರಡುತ್ತದೆ.

ಡ್ರೈವರುಗಳಿಗೆ ಟೈಮಕ್ಕ ಹೇಳುತ್ತಿದ್ದ ಮಾತು ಒಂದೇ. "ತಡ ಆದ್ರೆ ಬನ್ನಿ, ಮಾತಾಡೋಣ. ಆದ್ರೆ ಬರೆದ ಟೈಮಿಗಿಂತ ಒಂದು ನಿಮಿಷ ಮುಂಚೆ ಸ್ಟಾಪ್ ಬಿಟ್ರೋ, ಮೆಮೊ ಗ್ಯಾರಂಟಿ. ತಡವಾಗಿ ಬಂದ ಬಸ್ಸಿಗೆ ಜನ ಬೈತಾರೆ ಅಷ್ಟೆ. ಮುಂಚೆ ಹೋದ ಬಸ್ಸಿನ ಬಾಲ ನೋಡ್ಕೊಂಡು ಅಳ್ತಾರೆ."

ಇಂಥವಳ ಕೈಯಿಂದಲೇ ಅದು ಆಯಿತು.

ಆ ಸಲ ಮೇಲಿನಿಂದ ಒಂದು ಆದೇಶ ಬಂತು: ಹತ್ತು ಜನಕ್ಕಿಂತ ಕಡಿಮೆ ಇರುವ ಟ್ರಿಪ್ಪುಗಳನ್ನೆಲ್ಲ ತೆಗೆಯಬೇಕು. ಕಂಡಕ್ಟರುಗಳ ಲೆಕ್ಕ ಮುಂದಿಟ್ಟುಕೊಂಡು ಟೈಮಕ್ಕ ಒಂದು ಮಧ್ಯಾಹ್ನವೆಲ್ಲ ರಬ್ಬರು ಆಡಿಸಿದಳು. ಇಪ್ಪತ್ಮೂರನೇ ನಂಬರು, ಬೆಳಗಿನ ಐದು ಹತ್ತರ ಮೊದಲ ಬಸ್ಸು: ಪ್ರಯಾಣಿಕರು ಏಳು. ಅಳಿಸಿದಳು. ಪುಡಿ ಊದಿದಳು. ಮುಂದಿನದಕ್ಕೆ ಹೋದಳು.

ಸೋಮವಾರ ಎಂದಿನಂತೆ ಐದು ಗಂಟೆ ಐದಕ್ಕೆ ಮನೆಯ ಹತ್ತಿರದ ಸ್ಟಾಪಿನಲ್ಲಿ ನಿಂತಳು. ದಿನದ ಮುಖಗಳೆಲ್ಲ ಇದ್ದವು: ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮಾಡುವ ಹೆಂಗಸು, ಶಾಲೆಯ ಗೇಟು ತೆಗೆಯುವವನು, ಲಾಂಡ್ರಿಯ ಅಕ್ಕತಂಗಿಯರು, ಇನ್ನಿಬ್ಬರು. ಐದು ಹತ್ತಾಯಿತು, ಐದು ಇಪ್ಪತ್ತಾಯಿತು.

"ಏನ್ರೀ ಟೈಮಕ್ಕ, ನಿಮ್ಮ ಡಿಪೋದವರು ಇನ್ನೂ ಮಲಗಿದ್ದಾರಾ?" ಎಂದಳು ಅಡುಗೆಮನೆಯವಳು.

"ಮೀಸೆ ಡ್ರೈವರ್ ಕಣ್ರೀ ಇವತ್ತು. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಡ ಮಾಡಿದವರಲ್ಲ. ಬರಲಿ, ವಿಚಾರಿಸ್ಕೋತೀನಿ," ಎಂದು ಟೈಮಕ್ಕ ಕೈಗಡಿಯಾರ ನೋಡಿಕೊಂಡಳು. ಆಗ ಹಾಳೆಯ ಮೇಲಿನ ರಬ್ಬರಿನ ಪುಡಿ ನೆನಪಾಯಿತು. ಏಳು ಜನ. ಸುತ್ತ ಕಣ್ಣಾಡಿಸಿ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಏಳನೆಯವಳು ತಾನು.

ಬಾಯಿ ಬಿಡಲಿಲ್ಲ. ಎಲ್ಲರ ಜೊತೆ ತಾನೂ ಮುಖ್ಯರಸ್ತೆಯವರೆಗೆ ಅರ್ಧ ಗಂಟೆ ನಡೆದಳು, ಬೇರೆ ಬಸ್ಸು ಹಿಡಿದಳು. ಆರಕ್ಕೆ ಮೇಜಿನ ಮುಂದಿರಬೇಕಾದವಳು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆರೂ ಮುಕ್ಕಾಲಿಗೆ ಬಂದಳು. ಎದುರು ಮೇಜಿನವಳು ಏನೇ ಇದು ಎಂದು ಕೇಳಿದ್ದಕ್ಕೆ ಹಾಳೆಯ ಮೇಲಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ಆಮೇಲೆ ಎದುರು ಮೇಜಿನವಳು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ನಕ್ಕ ನಗುವಿಗೆ ನಾಲ್ಕು ಅಕ್ಷರದ ಕಡ್ಡಿಗಳು ಒಟ್ಟಿಗೇ ಎದ್ದು ಸಿಕ್ಕಿಹಾಕಿಕೊಂಡವು.

"ನಗು, ನಗು. ಮೂರು ತಿಂಗಳು ಹಾಳೆ ಬದಲಾಗಲ್ಲ. ಮೂರು ತಿಂಗಳು ನಡಿಬೇಕು ನಾನು."

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಏನೂ ಅನ್ನಲಿಲ್ಲ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಯಾವುದನ್ನೂ ಎರಡು ಸಲ ಬೆಳಕಿಗೆ ಹಿಡಿದು ನೋಡದೆ ಮಾತಾಡುವವನಲ್ಲ. ಮಾತಾಡಿದ್ದು ಅತ್ತೆ. ಅವರು ಒಂದು ಕಾಲದಲ್ಲಿ ಹೆರಿಗೆಯ ನರ್ಸು. ಹೊತ್ತಿಲ್ಲದ ಹೊತ್ತಿನಲ್ಲಿ ಸೈಕಲ್ ತುಳಿದುಕೊಂಡು ಹೋಗಿ ಆ ಬಡಾವಣೆಯ ಅರ್ಧ ಜನರನ್ನು ಭೂಮಿಗೆ ಇಳಿಸಿದವರು. ಆ ಸೈಕಲ್ಲು ಹಿಂದಿನ ಗೋಡೆಯ ಮೊಳೆಗೆ ಹತ್ತೊಂಬತ್ತು ವರ್ಷದಿಂದ ನೇತಾಡುತ್ತಿತ್ತು.

"ಇಳಿಸೋ ಅದನ್ನ," ಎಂದರು ಮಗನಿಗೆ.

"ಅಮ್ಮ, ಅವಳಿಗೆ ಸೈಕಲ್ ಬರಲ್ಲ."

"ಹುಟ್ಟುವಾಗ ನಿನಗೆ ಅಳೋಕೂ ಬರ್ತಿರಲಿಲ್ಲ. ನಾನೇ ಬೆನ್ನಿಗೆ ಎರಡು ಕೊಟ್ಟು ಕಲಿಸಿದ್ದು. ಇಳಿಸು."

ಟೈಮಕ್ಕ ಗಾಬರಿಯಾದಳು. "ಅತ್ತೆ, ನಂಗೆ ಐವತ್ತೊಂದು. ಬಿದ್ರೆ ಮೂಳೆ ಕೂಡಲ್ಲ."

"ಬೀಳ್ತೀಯ. ಅದ್ರಲ್ಲಿ ಅನುಮಾನ ಬೇಡ. ಬಿದ್ದಮೇಲೆ ಏಳ್ತೀಯ. ಇಷ್ಟಕ್ಕೆಲ್ಲ ಮೀಟಿಂಗ್ ಯಾಕೆ?"

ಮರುದಿನದಿಂದ ಬೀದಿಗೆ ನಾಟಕ. ಸಂಜೆ ಐದೂವರೆಗೆ ಅತ್ತೆ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಊರುಗೋಲು ಹಿಡಿದು ಕೂರುತ್ತಿದ್ದರು. ಗಂಡ ಸೀಟು ಹಿಡಿದುಕೊಂಡು ಓಡುತ್ತಿದ್ದ. ಟೈಮಕ್ಕ ಹ್ಯಾಂಡಲ್ಲನ್ನು ಜಗಳದಲ್ಲಿ ಜುಟ್ಟು ಹಿಡಿದಂತೆ ಹಿಡಿದುಕೊಳ್ಳುತ್ತಿದ್ದಳು. ಎದುರು ಮನೆಯ ಕಿಟಕಿಗಳಲ್ಲೆಲ್ಲ ತಲೆಗಳು.

"ಮುಂದೆ ನೋಡೇ! ಚಕ್ರ ಏನ್ ನೋಡ್ತೀಯ, ಅದೇನು ನಿನ್ನ ಬಿಟ್ಟು ಓಡಿಹೋಗುತ್ತಾ?" ಅತ್ತೆ ಕೂಗುತ್ತಿದ್ದರು. "ಏ ಮಗನೇ, ಸೀಟು ಬಿಡೋ. ಮದುವೆ ಆದಾಗಿಂದ ಹಿಡ್ಕೊಂಡಿದ್ದು ಸಾಕು."

ನಾಲ್ಕನೆಯ ಸಂಜೆ ಕಸದ ಡಬ್ಬಿಗೆ ಗುದ್ದಿದಳು. ಆರನೆಯ ಸಂಜೆ ಅದೇ ಡಬ್ಬಿಗೆ ಇನ್ನೊಂದು ಕಡೆಯಿಂದ ಗುದ್ದಿದಳು. ಮೊಣಕೈ ತರಚಿತು, ಮೊಣಕಾಲು ಊದಿತು. ಆಫೀಸಿನಲ್ಲಿ ಕುಂಟಿಕೊಂಡು ಮೆಟ್ಟಿಲು ಹತ್ತುವಾಗ ಎದುರು ಮೇಜಿನವಳು ಸಾಕು ಬಿಡೇ ಎಂದರೆ, "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು" ಎನ್ನುತ್ತಿದ್ದಳು.

ಒಂಬತ್ತನೆಯ ಸಂಜೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ನೋಡಿದಾಗ ಗಂಡ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸೀಟನ್ನು ಯಾರೂ ಹಿಡಿದಿರಲಿಲ್ಲ. ಎಷ್ಟು ದೂರದಿಂದ ಹಿಡಿದಿರಲಿಲ್ಲವೋ! ಅವಳ ಗಂಟಲಿನಿಂದ ಒಂದು ಕೂಗು ಹೊರಟಿತು. ಅದು ಹೆದರಿಕೆಯೋ ಖುಷಿಯೋ ಅವಳಿಗೇ ತಿಳಿಯಲಿಲ್ಲ. ಕಿಟಕಿಗಳಲ್ಲಿ ಚಪ್ಪಾಳೆ ಬಿತ್ತು. ಅತ್ತೆ ಮಾತ್ರ ಊರುಗೋಲಿನಿಂದ ನೆಲ ಕುಟ್ಟಿ, "ಬ್ರೇಕು! ಬ್ರೇಕು ಹಿಡಿಯೇ, ಆಮೇಲೆ ಕೂಗುವಂತೆ!" ಎಂದರು.

ಮುಂದಿನ ಸೋಮವಾರ ಐದು ಹತ್ತಕ್ಕೆ ಸರಿಯಾಗಿ ಟೈಮಕ್ಕ ಅದೇ ಸ್ಟಾಪಿನಿಂದ ಡಿಪೋಗೆ ಸೈಕಲ್ ಹತ್ತಿದಳು. ಹನ್ನೊಂದು ಕಿಲೋಮೀಟರು.

ಇಪ್ಪತ್ತಾರು ವರ್ಷ ಅದೇ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸಿಕೊಂಡು ಹೋದವಳು ಅವಳು. ಈಗ ರಸ್ತೆ ಒಂದೊಂದೇ ಅಂಗುಲ ಕಾಲಿಗೆ ಸಿಗುತ್ತಿತ್ತು. ನೀರಿನ ಟ್ಯಾಂಕಿನ ಹತ್ತಿರ ಒಂದು ಏರು ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಅದು ಬರೀ ಎರಡು ಮಿಲಿಮೀಟರು. ಏರು ಮುಗಿದು ಸೇತುವೆಯ ಇಳಿಜಾರು ಬಂದಾಗ ಗಾಳಿ ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಕೆಳಗೆ ಹಳಿಗಳ ಮೇಲೆ ಒಂದು ರೈಲು ನಿಧಾನವಾಗಿ ಎಚ್ಚರಾಗುತ್ತಿತ್ತು. ತರಕಾರಿ ಲಾರಿಗಳಿಂದ ಕೊತ್ತಂಬರಿಯ ವಾಸನೆ, ಮುಚ್ಚಿದ ಸಿನಿಮಾ ಮಂದಿರದ ಮುಂದೆ ಒದ್ದೆ ಕಾಗದದ ವಾಸನೆ, ಪೆಟ್ರೋಲ್ ಬಂಕಿನಲ್ಲಿ ನೆಲ ತೊಳೆಯುವವನ ಸಿಳ್ಳೆ. ದೀಪಗಳೆಲ್ಲ ಕೆಂಪಿನಿಂದ ಹಸಿರಿಗೆ ತನಗೋಸ್ಕರವೇ ತಿರುಗುತ್ತಿವೆ ಎನ್ನಿಸಿತು. ಡಿಪೋದ ಗೇಟಿಗೆ ಬಂದಾಗ ಆರಕ್ಕೆ ಎರಡೇ ನಿಮಿಷ. ಮಹಡಿ ಹತ್ತಿ ಬಂದವಳ ಮುಖ ನೋಡಿ ಎದುರು ಮೇಜಿನವಳು ಹೆದರಿ ನೀರು ತಂದಳು.

"ನಲವತ್ತೆಂಟು ನಿಮಿಷ ಕಣೇ!" ಎಂದಳು ಟೈಮಕ್ಕ ಏದುಸಿರು ಬಿಡುತ್ತ. "ನಾನೇ! ಈ ಕಾಲೇ!"

ನೀರು ಕುಡಿದಾದ ಮೇಲೆ ಪೆನ್ಸಿಲ್ ಡಬ್ಬಿ ತೆರೆದಳು. ಹಸಿರು ಪೆನ್ಸಿಲು ವರ್ಷಕ್ಕೆರಡು ಸಲ ಬಳಸುವುದರಿಂದ ಉದ್ದವಾಗಿಯೇ ಇತ್ತು. ಐದು ಹತ್ತರ ಖಾಲಿ ಜಾಗದಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದಳು: ನೀರಿನ ಟ್ಯಾಂಕು ಇಷ್ಟಕ್ಕೆ, ಸೇತುವೆ ಇಷ್ಟಕ್ಕೆ, ಸಿನಿಮಾ ಮಂದಿರ ಇಷ್ಟಕ್ಕೆ. ಬಸ್ಸು ಮೂವತ್ತೆಂಟು ನಿಮಿಷದಲ್ಲಿ ಬರುತ್ತಿದ್ದ ದಾರಿ ಅದು. ಇವಳ ಗೆರೆ ಅದಕ್ಕಿಂತ ಮಲಗಿತ್ತು.

"ಹಾಳೆ ಹಾಳು ಮಾಡ್ತಿದ್ದೀಯ," ಎಂದಳು ಎದುರು ಮೇಜಿನವಳು.

"ಆಮೇಲೆ ಅಳಿಸ್ತೀನಿ ಬಿಡು. ಒಂದು ನಾಲ್ಕು ದಿನ ಇರಲಿ. ಇಷ್ಟು ವರ್ಷ ಎಲ್ಲರ ಗೆರೆ ಎಳೆದಿದ್ದೀನಿ. ಇದು ನಂದು."

ಹಗುರವಾಗಿ ಎಳೆಯೋಣವೆಂದೇ ಕೈಯಿಟ್ಟಿದ್ದಳು. ಆದರೆ ಇಪ್ಪತ್ತಾರು ವರ್ಷದ ಕೈ, ಹಗುರವಾಗಿ ಎಳೆಯುವುದು ಅದಕ್ಕೆ ಬರುತ್ತಿರಲಿಲ್ಲ. ಗೆರೆ ಅಚ್ಚೊತ್ತಿದಂತೆ ಬಿತ್ತು. ಮೂರನೆಯ ದಿನ ನಲವತ್ತಾರು ನಿಮಿಷ. ಅಳಿಸಿ ಹೊಸದು ಎಳೆದಳು.

ಆ ಖುಷಿಗೆ ಮೊದಲ ಕಲ್ಲು ಬಿದ್ದದ್ದು ಆ ವಾರದ ಕೊನೆಗೆ. ಒಂದು ಬೆಳಿಗ್ಗೆ ಮುಂದುಗಡೆ ಆರು ಜನ ಸಾಲಾಗಿ ನಡೆದುಹೋಗುತ್ತಿರುವುದು ಕಂಡಿತು. ಬೆಲ್ಲು ಹೊಡೆಯಲು ಕೈ ಬರಲಿಲ್ಲ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ನಡೆದಳು.

"ಹೋಗ್ರೀ ನೀವು ಝುಂ ಅಂತ," ಅಡುಗೆಮನೆಯವಳು ನಕ್ಕಳು. ಅವಳ ನಗುವಿನಲ್ಲಿ ದಣಿವಿತ್ತು. "ನಮಗೋಸ್ಕರ ಯಾಕೆ ಇಳಿತೀರ. ಆ ಬಸ್ ತೆಗೆದವರು ಯಾರೋ, ಅವರ ಚಪ್ಪಲಿ ಹಾದಿ ಮಧ್ಯೆ ಕಿತ್ತುಹೋಗಲಿ ಅಂತ ದಿನಾ ಬೈಕೊಂಡು ನಡಿತೀನಿ. ನನಗೆ ಈ ತಿಂಗಳು ಐದು ಸಲ ತಡ ಆಯ್ತು. ಒಂದನೇ ತಾರೀಕಿಂದ ನಿನ್ನನ್ನ ರಾತ್ರಿ ಪಾಳಿಗೆ ಹಾಕ್ತೀನಿ ಅಂದಿದ್ದಾರೆ ಮೇಲಿನವರು. ಮನೇಲಿ ಎದ್ದು ಓಡಾಡೋಕೆ ಆಗದ ಅಮ್ಮ. ರಾತ್ರಿ ಯಾರು ನೋಡ್ಕೋತಾರೆ? ಕೆಲಸ ಬಿಡೋದೇ."

ಒಂದನೇ ತಾರೀಕಿಗೆ ಹದಿನೈದು ದಿನ ಇತ್ತು.

ಟೈಮಕ್ಕ ನಿಂತಳು. "ತೆಗೆದದ್ದು ನಾನೇ ಕಣ್ರೀ."

"ಏನು?"

"ಏಳು ಜನ ಅಂತ ಲೆಕ್ಕ ಬಂತು. ಅಳಿಸಿದೆ. ಏಳನೆಯವಳು ನಾನು ಅನ್ನೋದು ಹೊಳೀಲಿಲ್ಲ."

ಆರೂ ಜನ ನಿಂತರು. ಅಡುಗೆಮನೆಯವಳು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು, ಸೈಕಲ್ಲನ್ನು ನೋಡಿದಳು, ಮೊಣಕೈಯ ಪಟ್ಟಿಯನ್ನು ನೋಡಿದಳು. ಆಮೇಲೆ ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ಮ ಬಸ್ಸನ್ನ ನೀವೇ! ಅಯ್ಯೋ ನಮ್ಮವ್ವ!" ಎಂದು ಕಣ್ಣೊರೆಸಿಕೊಂಡು ಎದ್ದಳು. ಎದ್ದಾಗ ಮುಖ ಬೇರೆಯಾಗಿತ್ತು. "ಸರಿ. ನಕ್ಕಾಯ್ತು. ಈಗ ತಂದುಕೊಡಿ."

ಅಂದಿನಿಂದ ಸೈಕಲ್ಲಿಗೆ ಭಾರ ಬಂತು. ಸವಾರಿ ಬಿಡಲಾಗದು, ಅಷ್ಟು ಹಿಡಿಸಿತ್ತು. ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಾರಿ ನೋಡತೊಡಗಿದಳು. ಹತ್ತು ಜನ ಬೇಕು. ಇರುವವರು ಆರು. ಉಳಿದವರು ಎಲ್ಲಿದ್ದಾರೆ?

ಉತ್ತರ ದಿನಾ ಅವಳ ಚಕ್ರಕ್ಕೇ ಅಡ್ಡ ಬರುತ್ತಿತ್ತು. ಸ್ಟಾಪಿನಿಂದ ಮೂರು ಕಿಲೋಮೀಟರಿನಲ್ಲಿ ಬ್ರೆಡ್ ಕಾರ್ಖಾನೆ. ಬಸ್ಸಿನಲ್ಲಿ ಹೋಗುವಾಗ ಅದರ ದೊಡ್ಡ ಗೇಟು ಯಾವಾಗಲೂ ಮುಚ್ಚಿರುತ್ತಿತ್ತು. ಮುಚ್ಚಿದ ಗೇಟನ್ನು ಇಪ್ಪತ್ತಾರು ವರ್ಷ ನೋಡಿದ್ದಳು. ಸೈಕಲ್ಲಿನಲ್ಲಿ ಬರುವಾಗ ಮಾತ್ರ ದಿನಾ ಅಲ್ಲಿ ಜನ ರಸ್ತೆಗೆ ಚೆಲ್ಲಿಕೊಂಡಿರುತ್ತಿದ್ದರು. ರಾತ್ರಿ ಪಾಳಿ ಮುಗಿಸಿದ ಇಪ್ಪತ್ತು ಇಪ್ಪತ್ತೈದು ಜನ, ರೆಪ್ಪೆಯ ಮೇಲೆಲ್ಲ ಹಿಟ್ಟು. ಬೆಲ್ಲು ಹೊಡೆದು ಹೊಡೆದು ಅವಳ ಹೆಬ್ಬೆರಳು ನೋಯುತ್ತಿತ್ತು. ಒಂದು ದಿನ ಬೆಲ್ಲು ಹೊಡೆಯುವುದನ್ನು ಬಿಟ್ಟು ಕೇಳಿದಳು.

"ನೀವೆಲ್ಲ ಹೇಗೆ ಹೋಗೋದು ಇಲ್ಲಿಂದ?"

"ನಡೆದು, ಮೇಡಂ. ಮುಖ್ಯರಸ್ತೆವರೆಗೆ."

"ಮೊದಲು ಇಲ್ಲೇ ಬಸ್ ಇತ್ತಲ್ಲ, ಮೊದಲ ಬಸ್?"

"ಇತ್ತಲ್ಲ! ಐದು ಇಪ್ಪತ್ತಕ್ಕೆ ಗೇಟ್ ತೆಗೀತಾರೆ. ಅದು ಐದು ಹದಿನೇಳಕ್ಕೇ ಹೋಗಿರ್ತಿತ್ತು. ಅದರ ಬಾಲ ನೋಡೋದೇ ನಮ್ಮ ಕೆಲಸ," ಎಂದ ಒಬ್ಬ ಹಿಟ್ಟಿನ ಹುಬ್ಬಿನವನು.

ಮೂರು ನಿಮಿಷ. ಟೈಮಕ್ಕ ಕೈಗಡಿಯಾರ ನೋಡಿದಳು: ಐದು ಇಪ್ಪತ್ತೆರಡು. ಅವಳ ಹಸಿರು ಗೆರೆ ಈ ಗೇಟಿಗೆ ಮುಟ್ಟುವುದು ಐದು ಇಪ್ಪತ್ತೆರಡಕ್ಕೆ. ಬಸ್ಸು ಸೈಕಲ್ಲಿನಷ್ಟು ನಿಧಾನವಾಗಿ ಬಂದರೆ ತುಂಬಿ ತುಳುಕುತ್ತದೆ! ಹಾಳೆಯಲ್ಲಿ ಬಸ್ಸುಗಳ ಗೆರೆ ಇತ್ತು, ಗೇಟು ತೆಗೆಯುವ ಹೊತ್ತಿನ ಗೆರೆ ಇರಲಿಲ್ಲ. ಉಳಿದ ಎಂಟು ಕಿಲೋಮೀಟರನ್ನು ಅವಳು ಹೇಗೆ ತುಳಿದಳೋ, ಆ ದಿನ ನಲವತ್ತೇ ನಿಮಿಷಕ್ಕೆ ಡಿಪೋ ಮುಟ್ಟಿದಳು, ಗೇಟಿನ ಹತ್ತಿರ ನಿಂತು ಮಾತಾಡಿದ ಹೊತ್ತೂ ಸೇರಿ.

ಡಿಪೋದ ಸಾಹೇಬರು ಒಳ್ಳೆಯವರೇ. ಪೂರ್ತಿ ಕೇಳಿಸಿಕೊಂಡರು.

"ಬರೆದುಕೊಡಿ ಮೇಡಂ. ಮುಂದಿನ ಹಾಳೆಗೆ ನೋಡೋಣ."

"ಅದಕ್ಕೆ ಇನ್ನೂ ಎರಡು ತಿಂಗಳಿದೆ ಸಾರ್. ಒಂದನೇ ತಾರೀಕಿನೊಳಗೆ ಬೇಕು. ಒಬ್ಬರ ಕೆಲಸ ಹೋಗುತ್ತೆ."

"ಮಧ್ಯದಲ್ಲಿ ಹಾಳೆ ತಿದ್ದೋಕಾಗಲ್ಲ, ನಿಮಗೇ ಗೊತ್ತು. ನೀವೇ ಮಾಡಿದ ರೂಲ್." ಸಾಹೇಬರು ಮುಗುಳ್ನಕ್ಕರು. "ಅಲ್ಲ ಮೇಡಂ, ನೀವೇ ಸೈಕಲ್ಲಲ್ಲಿ ಬರ್ತಿದ್ದೀರಂತೆ. ಈ ವಯಸ್ಸಲ್ಲಿ! ಭೇಷ್. ಉಳಿದವರಿಗೇನು ಧಾಡಿ? ನಿಮ್ಮನ್ನ ನೋಡಿ ಕಲೀಲಿ."

ಟೈಮಕ್ಕ ಮಹಡಿ ಹತ್ತಿ ಬಂದಳು. ಎದುರು ಮೇಜಿನವಳ ಮುಂದೆ ಕುರ್ಚಿ ಎಳೆದು ಕೂತಳು. "ನನ್ನ ಸೈಕಲ್ಲನ್ನ ಅವರ ಮೇಲೇ ಹೊಡೆಯೋ ಕೋಲು ಮಾಡಿಬಿಟ್ರು ಕಣೇ. ನಾನು ತುಳಿತಾ ಇರೋದಕ್ಕೆ ಅವರಿಗೆ ಬಸ್ ಇಲ್ಲ. ಏನ್ ಮಾಡ್ಲಿ, ಬಿಟ್ಟುಬಿಡ್ಲಾ?"

ಎದುರು ಮೇಜಿನವಳಿಗೆ ಆ ದಿನ ವಿಪರೀತ ನೆಗಡಿ. ಕಣ್ಣು ಮೂಗು ಒಂದಾಗಿ ಸುರಿಯುತ್ತಿತ್ತು. "ನಾಳೆ ಯೋಚನೆ ಮಾಡೋಣ ಕಣೇ, ಇವತ್ತು ಪಟ್ಟಿ ಮುಗಿಸಬೇಕು," ಎಂದು ಕರವಸ್ತ್ರ ಮೂಗಿಗೆ ಒತ್ತಿಕೊಂಡಳು. ಹಾಳೆಯನ್ನು ಮುಂದಕ್ಕೆಳೆದುಕೊಂಡು ಬರುವ ವಾರದ ಪಟ್ಟಿಯನ್ನು ಟೈಪು ಮಾಡಿದಳು. ಪಟ್ಟಿ ಕೆಳಗೆ ಹೋಯಿತು.

ಸೋಮವಾರ ಬೆಳಿಗ್ಗೆ ಟೈಮಕ್ಕ ಸೈಕಲ್ ಹತ್ತುವಾಗ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಆರು ಜನ ಆಗಲೇ ನಡೆಯಲು ಹೊರಟಾಗಿತ್ತು. ಒಂದನೇ ತಾರೀಕಿಗೆ ಐದೇ ದಿನ. ಇನ್ನೂರು ಗಜ ಹೋಗಿರಬೇಕು, ಹಿಂದಿನಿಂದ ಬೆಳಕು ಬಿತ್ತು. ಅವಳ ನೆರಳು, ಸೈಕಲ್ಲಿನ ನೆರಳು, ಎರಡೂ ರಸ್ತೆಯುದ್ದಕ್ಕೂ ಚಾಚಿಕೊಂಡವು. ಆ ಇಂಜಿನ್ನಿನ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು. ತಿರುಗಿ ನೋಡಿದರೆ ಬಸ್ಸು! ಹಣೆಯ ಮೇಲೆ ಇಪ್ಪತ್ಮೂರು!

ಮೀಸೆ ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. "ಟೈಮಕ್ಕಾ! ಯಾವ ಮಹಾರಾಯರು ಬರೆದ ಟೈಮ್ ರೀ ಇದು? ನೀರಿನ ಟ್ಯಾಂಕಿಗೆ ಏಳು ನಿಮಿಷ! ನಡೆದ್ರೂ ಹೋಗ್ತೀನಲ್ಲ!"

"ಎಲ್ಲಿಂದ ಬಂದ್ರಿ ನೀವು?"

"ಬೋರ್ಡಿನಿಂದ! ಐದು ಹತ್ತು, ವಿಶೇಷ, ನನ್ನ ಹೆಸರು! ಕೇಳೋದುಂಟಾ?"

ಅವಳಿಗೆ ಅರ್ಥವಾಯಿತು. ಅವಳ ಹಸಿರು ಗೆರೆ! ಸೈಕಲ್ಲಿನ ಗೆರೆ ಬಸ್ಸಾಗಿ ಬೀದಿಗೆ ಬಂದಿತ್ತು. ಪೆಡಲು ತಪ್ಪಿತು, ಮತ್ತೆ ಸಿಕ್ಕಿತು. ಮುಂದೆ ನೋಡೇ, ಚಕ್ರ ಏನ್ ನೋಡ್ತೀಯ ಎಂದು ಅತ್ತೆಯ ದನಿ ಕಿವಿಯಲ್ಲೇ ಕೇಳಿಸಿತು. ಮುಂದೆ ನೋಡಿದಳು. ಮುಂದೆ ಆರು ಜನ ತಲೆ ತಗ್ಗಿಸಿ ನಡೆಯುತ್ತಿದ್ದರು.

ಟೈಮಕ್ಕ ಬೆಲ್ಲು ಹೊಡೆದಳು. ಹೆಬ್ಬೆರಳು ಬಿಡದೆ ಹೊಡೆದಳು. ಆರೂ ಜನ ತಿರುಗಿದರು. ಅಡುಗೆಮನೆಯವಳು ಮೊದಲು ಸೈಕಲ್ಲನ್ನು ನೋಡಿದಳು, ಆಮೇಲೆ ಅದರ ಹಿಂದೆ ಆನೆಯಂತೆ ಬರುತ್ತಿದ್ದುದನ್ನು ನೋಡಿದಳು. ಕೈಚೀಲವನ್ನು ಗಾಳಿಗೆಸೆದಳು.

ಬಸ್ಸು ಅವರನ್ನು ಹತ್ತಿಸಿಕೊಂಡಿತು. ಆದರೆ ಸೈಕಲ್ಲನ್ನು ಹಿಂದೆ ಹಾಕಲಾಗಲಿಲ್ಲ. ಹಾಕುವಂತಿರಲಿಲ್ಲ! ಒಂದೊಂದು ಸ್ಟಾಪಿಗೂ ಬರೆದ ಟೈಮು ಸೈಕಲ್ಲಿನದೇ. ಒಂದು ನಿಮಿಷ ಮುಂಚೆ ಹೋದರೆ ಮೆಮೊ, ಮೆಮೊ ಕೊಡುವವಳು ಪಕ್ಕದಲ್ಲೇ ತುಳಿಯುತ್ತಿದ್ದಾಳೆ. ಮೀಸೆ ಡ್ರೈವರ್ ಎರಡನೇ ಗೇರಿನಲ್ಲಿ ಗೊಣಗುತ್ತ ಬಂದ. ಕಿಟಕಿಗಳೆಲ್ಲ ತೆರೆದುಕೊಂಡವು.

"ಬೇಗ ತುಳೀರಿ ಟೈಮಕ್ಕ, ನಿಮ್ಮಿಂದ ನಮಗೆ ತಡ!"

"ಟಿಕೆಟ್ ತಗೊಂಡಿದ್ದೀವಿ, ಮೇಲೆ ಕಂಪ್ಲೇಂಟ್ ಕೊಡ್ತೀವಿ!"

"ಏರಲ್ಲಿ ಹಗ್ಗ ಕೊಡ್ಲಾ?"

ಲಾಂಡ್ರಿಯ ಅಕ್ಕತಂಗಿಯರು ಬಸ್ಸಿನ ಮೈಯನ್ನು ತಮಟೆಯಂತೆ ಬಡಿದರು. ಟೈಮಕ್ಕನಿಗೆ ನಗಲೂ ಉಸಿರಿರಲಿಲ್ಲ. ಬ್ರೆಡ್ ಕಾರ್ಖಾನೆಯ ತಿರುವು ಬಂತು. ಗೇಟು ತೆರೆದಿತ್ತು, ಜನ ರಸ್ತೆಗೆ ಚೆಲ್ಲಿಕೊಂಡಿದ್ದರು, ಗಡಿಯಾರದಲ್ಲಿ ಐದು ಇಪ್ಪತ್ತೆರಡು. ಹಿಟ್ಟಿನ ಹುಬ್ಬಿನವನು ಬಸ್ಸಿನ ಬಾಲ ಹುಡುಕುವ ಅಭ್ಯಾಸದಲ್ಲಿ ಆ ಕಡೆ ನೋಡುತ್ತಿದ್ದ. ಟೈಮಕ್ಕ ಕೂಗಿದಳು: "ಈ ಕಡೆ ನೋಡ್ರಪ್ಪಾ! ಇವತ್ತು ಮುಖ ಬಂದಿದೆ!"

ಅವರು ಓಡಿ ಬಂದು ಹತ್ತಿದ ರಭಸಕ್ಕೆ ಬಸ್ಸೆಲ್ಲ ಬಿಳಿ ಧೂಳು. ಸೇತುವೆಯ ಇಳಿಜಾರಿನಲ್ಲಿ ಸೈಕಲ್ಲು ಮುಂದೆ ಹಾರಿತು, ಸಿನಿಮಾ ಮಂದಿರದ ಹತ್ತಿರ ಬಸ್ಸು ಬಂದು ಸೇರಿಕೊಂಡಿತು, ಆಸ್ಪತ್ರೆಯ ಮುಂದೆ ಅಡುಗೆಮನೆಯವಳು ಇಳಿದು, ಗಡಿಯಾರ ನೋಡಿ, ಎರಡೂ ಕೈಯೆತ್ತಿ ಏನೋ ಕೂಗಿ ಒಳಗೆ ಓಡಿದಳು. ಅವಳ ಪಾಳಿಗೆ ಇನ್ನೂ ಹತ್ತು ನಿಮಿಷವಿತ್ತು. ಐದು ಐವತ್ತಾರಕ್ಕೆ ಡಿಪೋದ ಗೇಟಿಗೆ ಸೈಕಲ್ಲಿನ ಮುಂದಿನ ಚಕ್ರವೂ ಬಸ್ಸಿನ ಮುಂದಿನ ಚಕ್ರವೂ ಒಟ್ಟಿಗೇ ಬಂದವು. ಯಾವುದು ಮೊದಲು ಎಂದು ವಾಚ್‌ಮನ್ನು ಮತ್ತು ಮೀಸೆ ಡ್ರೈವರ್ ಇವತ್ತಿಗೂ ಜಗಳವಾಡುತ್ತಾರೆ.

ಒಂಬತ್ತು ಗಂಟೆಗೆ ಸಾಹೇಬರಿಂದ ಇಬ್ಬರಿಗೂ ಕರೆ ಬಂತು. ಮೇಜಿನ ಮೇಲೆ ಡ್ಯೂಟಿ ಪಟ್ಟಿ, ಪಕ್ಕದಲ್ಲಿ ಕಂಡಕ್ಟರನ ಲೆಕ್ಕ.

"ಇದು ಯಾರ ತಪ್ಪು?"

"ನಂದು ಸಾರ್, ಹಾಳೆ ಮೇಲೆ ಎಳೆದದ್ದು ನಾನು," ಎಂದಳು ಟೈಮಕ್ಕ.

"ನಂದು ಸಾರ್, ಟೈಪು ಮಾಡಿದ್ದು ನಾನು," ಎಂದಳು ಎದುರು ಮೇಜಿನವಳು, ಸೀನುತ್ತ.

ಸಾಹೇಬರು ಕಂಡಕ್ಟರನ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. ಇಪ್ಪತ್ತೊಂಬತ್ತು ಜನ. ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಮಧ್ಯದಲ್ಲಿ ಹಾಳೆ ತಿದ್ದಬಾರದು ಅಂತ ರೂಲ್ ಇದೆ," ಎಂದರು ಕೊನೆಗೆ. "ಹಾಗಾಗಿ ಈ ತಪ್ಪನ್ನೂ ಮುಂದಿನ ಹಾಳೆವರೆಗೆ ಯಾರೂ ತಿದ್ದೋ ಹಾಗಿಲ್ಲ. ಹೋಗಿ."

ಮೆಟ್ಟಿಲ ಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಶಾಲೆ ಬಿಟ್ಟ ಹುಡುಗಿಯರಂತೆ ಕುಣಿದರು. ಮೊಣಕಾಲು ಹಿಡಿದುಕೊಂಡಿತು, ಆದರೂ ಕುಣಿದರು.

ಆ ಬಸ್ಸು ಇವತ್ತಿಗೂ ಇದೆ. ಮುಂದಿನ ಹಾಳೆಯಲ್ಲಿ ಟೈಮಕ್ಕ ಅದನ್ನು ನೀಲಿಯಲ್ಲಿ ಎಳೆದಳು. ಐದು ಹದಿನೈದಕ್ಕೆ ಹೊರಟು ಗೇಟಿಗೆ ಐದು ಇಪ್ಪತ್ತೆರಡಕ್ಕೇ ಬರುವಂತೆ, ಅಲ್ಲಿಂದ ಬಸ್ಸಿನ ಓಟಕ್ಕೇ ಓಡುವಂತೆ. ಅಡುಗೆಮನೆಯವಳು ಈಗ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಗೆ ಮುಖ್ಯಸ್ಥೆ. ಟೈಮಕ್ಕ ಮಾತ್ರ ಮತ್ತೆ ಬಸ್ಸು ಹತ್ತಲಿಲ್ಲ. ಬಸ್ಸು ತಂದುಕೊಟ್ಟವರೇ ಹತ್ತದಿದ್ದರೆ ಹೇಗೆ ಎಂದು ಯಾರಾದರೂ ಕೇಳಿದರೆ, "ನಾನು ಹತ್ತಿದ್ರೆ ಅದು ನಂಗೋಸ್ಕರ ತಂದ ಹಾಗಾಗುತ್ತೆ" ಎನ್ನುತ್ತಿದ್ದಳು. ನಿಜ ಅದಲ್ಲ. ಸೇತುವೆಯ ಇಳಿಜಾರನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೆ. ಎಂಟು ವರ್ಷ, ಮೂರು ಟೈರು, ಒಂದೇ ಬೆಲ್ಲು.

ಆ ಎಂಟು ವರ್ಷವೂ ದಿನಾ ಬೆಳಿಗ್ಗೆ ಅವಳು ಹೆಲ್ಮೆಟ್ಟು ತೆಗೆಯುವ ಮೊದಲೇ ಎದುರು ಮೇಜಿನ ಮೇಲೆ ಒಂದು ಲೋಟ ಬಿಸಿ ಕಾಫಿ ತಂದಿಡುತ್ತಿದ್ದಳು. "ನಿನ್ನಷ್ಟು ಧೈರ್ಯ ನಂಗಿಲ್ಲ ಕಣೇ. ಗೊತ್ತಿದ್ದೂ ಗೊತ್ತಿದ್ದೂ ಟೈಪು ಮಾಡಿದ್ಯಲ್ಲ," ಎನ್ನುತ್ತಿದ್ದಳು. ಎದುರು ಮೇಜಿನವಳು ಕಾಫಿ ಕುಡಿಯುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಆ ಪಟ್ಟಿಯ ದಿನ ಅವಳಿಗೆ ನೆಗಡಿ. ಕಣ್ಣು ಮಂಜಾಗಿತ್ತು. ಹಾಳೆಯಲ್ಲಿ ಗೆರೆಯಿತ್ತು, ಟೈಪು ಮಾಡಿದಳು. ಹಸಿರು, ಆದ್ದರಿಂದ ವಿಶೇಷ ಎಂದು ಸೇರಿಸಿದಳು. ಧೈರ್ಯವೂ ಇಲ್ಲ, ಏನೂ ಇಲ್ಲ. ಶುದ್ಧ ತಪ್ಪು. ನಿವೃತ್ತಿಯ ದಿನ ಹೇಳಿ ಇಬ್ಬರೂ ನಗೋಣ ಎಂದು ಇಟ್ಟುಕೊಂಡಿದ್ದಳು. ಒಂದು ನಿಮಿಷವೂ ಮುಂಚೆ ಹೋಗಬಾರದು ಎಂದು ಊರಿಗೆಲ್ಲ ಮೆಮೊ ಕೊಟ್ಟವಳು ನಾಲ್ಕು ತಿಂಗಳು ಮುಂಚೆ ಹೊರಟುಬಿಟ್ಟಳು. ಮೊನ್ನೆ ಅತ್ತೆಯ ಹತ್ತಿರ ಹೋಗಿ, ಅವಳಿಗೆ ಹೇಳಬೇಕಾಗಿದ್ದದ್ದನ್ನು ಅವರಿಗೆ ಹೇಳಿದ್ದಾಯಿತು. ಅವರು ಕಿವಿಗೆ ಕೈಯಿಟ್ಟುಕೊಂಡು ಕೇಳಿದರು, ಆಮೇಲೆ ಊರುಗೋಲಿನಿಂದ ನೆಲ ಕುಟ್ಟಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಎಂಟು ವರ್ಷ ಕಾಫಿ ಕುಡಿದ್ಯಾ, ಕಳ್ಳಿ!"